ಹಕ್ಕಿಯ ಹೆಸರನ್ನು ಕೇಳಿದ ಬಾಲಕ: ಡಾ. ಸಲೀಂ ಅಲಿ

ಹಕ್ಕಿಗೆ ಕಾಳು ಚೆಲ್ಲುವುದನ್ನು ನಮ್ಮ ನಾಡಿನವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಹಂತಿ ಹೂಡಿ ಒಕ್ಕಿ, ರಾಶಿ ಮಾಡಿ, ಪೂಜೆ ಸಲ್ಲಿಸಿ ಅಳೆಯುವ ಕಾಲಕ್ಕೆ ದೇವರ ಪಾಲು, ಆಯಗಾರರ ಪಾಲು, ಬೇಡಿ ಬಂದವರ ಪಾಲು ಎಂದು ಕಾಳು ಬೇರೆ ಬೇರೆ ಮೊರಗಳಿಗೆ ಹೋಗುತ್ತಿತ್ತು. ಯಾರೂ ಎತ್ತಿಡದೆಯೇ ಕಣದ ಅಂಚಿನಲ್ಲಿ ಉಳಿಯುತ್ತಿದ್ದುದು ಹಕ್ಕಿಯ ಪಾಲು. ಬಾಗಿಲ ತೋರಣಕ್ಕೆ ತೆನೆಯ ಗೊಂಚಲನ್ನು ಕಟ್ಟಿ ಗುಬ್ಬಿಗಳನ್ನು ಮನೆಯ ಅತಿಥಿಗಳನ್ನಾಗಿ ಮಾಡಿಕೊಂಡ ಹಳ್ಳಿಗಳು ನಮ್ಮಲ್ಲಿ ಅನೇಕ. ಇಷ್ಟೆಲ್ಲ ಉದಾರಿಗಳಾದ ನಾವು, ಬಂದು ಉಂಡುಹೋದ ಅತಿಥಿಯ ಹೆಸರನ್ನು ಮಾತ್ರ ವಿಚಾರಿಸಲಿಲ್ಲ. ಅದು ಯಾವ ಜಾತಿಯದು, ಎಲ್ಲಿ ಗೂಡು ಕಟ್ಟುತ್ತದೆ, ಮರಿಗೆ ಏನನ್ನು ಉಣಿಸುತ್ತದೆ ಎಂದು ಕೇಳಿದವರು ವಿರಳ. ಅಂಥ ಒಂದು ಪ್ರಶ್ನೆಯನ್ನು ಎಳೆಯ ವಯಸ್ಸಿನಲ್ಲಿ ಕೇಳಿ, ಆ ಪ್ರಶ್ನೆಯ ಬೆನ್ನು ಹತ್ತಿ ಸುಮಾರು ಎಂಬತ್ತು ವರ್ಷ ನಡೆದ ಮಹನೀಯರು ಡಾ. ಸಲೀಂ ಅಲಿಯವರು. ಅವರ ಜೀವಿತದ ಸ್ಥೂಲರೇಖೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮೂರಿನ ಪುಟ್ಟ ಹಕ್ಕಿಗಳು

ಅದಕ್ಕೆ ಮುನ್ನ ನಮ್ಮ ಊರಿನ ಮಾತನ್ನು ಸ್ವಲ್ಪ ಹೇಳಬೇಕು. ನಾನು ಹೂವಿನಹಡಗಲಿ ತಾಲ್ಲೂಕಿನ ಹೊಳಲು ಗ್ರಾಮದವನು. ಹಳಗನ್ನಡದಲ್ಲಿ ಪೊೞಲ್ ಎಂದರೆ ಪಟ್ಟಣ. ಹೆಸರಿನಲ್ಲಿ ಉಳಿದ ಈ ಹಿರಿಮೆಗೆ ಸಾಕ್ಷಿಯೋ ಎಂಬಂತೆ ಅನಂತಶಯನನ ಮೂರ್ತಿಯೊಂದು ಅಲ್ಲಿ ಮಲಗಿದೆ. ಹೊಸಪೇಟೆಯ ಬಳಿಯ ಅನಂತಶಯನಗುಡಿಗೆ ಹೋಗಬೇಕಾಗಿದ್ದ ಮೂರ್ತಿ ನಮ್ಮಲ್ಲಿಯೇ ನಿಂತಿತೆಂದು ಪ್ರತೀತಿ. ಸುತ್ತ ಜೋಳ, ಸಜ್ಜೆಗಳ ಹೊಲ, ಅತ್ತ ಮೈಲಾರ, ಅದರಾಚೆ ತುಂಗಭದ್ರೆ. ಇಂಥ ಬಯಲುಸೀಮೆಯಲ್ಲಿ ಕಾಳು ತಿನ್ನುವ ಹಕ್ಕಿಗಳಿಗೆ ಬರವಿಲ್ಲ. ಜೋಳ ಹಾಲುಗಾಳಾಗುವ ಸಮಯದಲ್ಲಿ ಹೊಲದ ನಡುವೆ ಅಟ್ಟ ಕಟ್ಟಿ, ಕವಣೆ ಬೀಸಿ, ಕೂಗು ಹಾಕಿ ಅವುಗಳನ್ನು ಓಡಿಸುವುದೂ, ತೆನೆ ಕೊಯ್ದ ಮೇಲೆ ಅವೇ ಹಕ್ಕಿಗಳು ಕಣದ ಅಂಚಿಗೆ ಬಂದರೆ ಕಂಡೂ ಕಾಣದಂತೆ ಇರುವುದೂ ನಮ್ಮ ಒಕ್ಕಲಿನ ಮನೆಗಳ ರೀತಿ. ವೈರವೂ ಕರುಣೆಯೂ ಒಂದೇ ಅಂಗಳದಲ್ಲಿ ಇದ್ದುವು.

ಈ ಹಕ್ಕಿಗಳನ್ನೆಲ್ಲ ನಾವು ಗುಬ್ಬಿ ಎಂಬ ಒಂದೇ ಮಾತಿನಿಂದ ಕರೆದುಬಿಡುತ್ತೇವೆ. ನನ್ನ ತರಗತಿಯಲ್ಲಿ ಊರಿನ ಹಕ್ಕಿಗಳ ಹೆಸರು ಬರೆಯಿರೆಂದರೆ ವಿದ್ಯಾರ್ಥಿಗಳು ಕಾಗೆ, ಗುಬ್ಬಿ, ಗಿಳಿ, ಕೋಗಿಲೆ, ನವಿಲುಗಳನ್ನು ಬರೆದು ಲೇಖನಿಯನ್ನು ಕೆಳಗಿಡುತ್ತಾರೆ. ಕಣ್ಣಿಟ್ಟು ನೋಡಿದರೆ ಗುಬ್ಬಿ ಎಂಬ ಮಾತಿನೊಳಗೆ ಒಂದು ಹಕ್ಕಿಯಲ್ಲ, ನಾಲ್ಕಾರು ಹಕ್ಕಿಗಳು ಅಡಗಿವೆ. ಮನೆಯ ಜಂತೆಯ ಸಂದಿನಲ್ಲಿಯೂ ಗೋಡೆಯ ದೇವರ ಪಟದ ಹಿಂದೆಯೂ ಹುಲ್ಲು ತುರುಕಿ ಸಂಸಾರ ಹೂಡುವುದು ಮನೆಗುಬ್ಬಿ. ಗಂಡಿಗೆ ಬೂದುಬಣ್ಣದ ನೆತ್ತಿ, ಗದ್ದದ ಕೆಳಗೆ ಕಪ್ಪು ಮಚ್ಚೆ. ಹೆಣ್ಣು ಮಾಸಲು ಕಂದು, ಬೆನ್ನ ಮೇಲೆ ಗೀರುಗಳು. ಬಾವಿಗೆ ಬಾಗಿದ ಜಾಲಿಯ ಕೊಂಬೆಯಲ್ಲಿ, ಈಚಲ ಗರಿಯ ತುದಿಯಲ್ಲಿ ಹೆಣೆದ ಗೂಡನ್ನು ತೂಗುಬಿಡುವುದು ಗೀಜಗ. ಮಳೆಗಾಲದಲ್ಲಿ ಗಂಡಿನ ನೆತ್ತಿ ಅಪ್ಪಟ ಹಳದಿ. ಮಿಕ್ಕ ತಿಂಗಳುಗಳಲ್ಲಿ ಅದು ಹೆಣ್ಣುಗುಬ್ಬಿಯನ್ನೇ ಹೋಲುತ್ತದೆ. ಆಗ ಅದನ್ನು ಗುರುತಿಸಲು ಇನ್ನೂ ದಪ್ಪನಾದ ಕೊಕ್ಕು, ಮೋಟು ಬಾಲಗಳೇ ಆಧಾರ. ಮನೆಗುಬ್ಬಿಗಿಂತ ಚಿಕ್ಕವಾಗಿ, ಹುಲ್ಲಿನ ತೆನೆಗೆ ಗುಂಪುಗುಂಪಾಗಿ ಜೋತುಬೀಳುವವು ರಾಟವಾಳಗಳು. ಚಳಿಗಾಲದಲ್ಲಿ ಬಡಗಣ ದೇಶಗಳಿಂದ ಬಂದು ಜೋಳದ ಹೊಲಗಳಿಗೆ ಇಳಿಯುವ ಇನ್ನೊಂದು ಹಕ್ಕಿಯುಂಟು; ಅದರ ಗಂಡಿನ ತಲೆ ಎದೆಗಳಿಗೆ ಗುಲಾಬಿಯ ಕೆಂಪು. ದಪ್ಪ ಕೊಕ್ಕಿನ ಇಂಥ ಪುಟ್ಟ ಹಕ್ಕಿಗಳನ್ನು ಆಂಗ್ಲರು ಸಡಿಲವಾಗಿ ಫಿಂಚ್ ಎನ್ನುವುದುಂಟು. ಶಾಸ್ತ್ರದ ಬಿಗಿಯಾದ ಅರ್ಥದಲ್ಲಿ ಆ ಹೆಸರು ಸಲ್ಲುವುದು ಈ ಗುಲಾಬಿ ಹಕ್ಕಿಯೊಂದಕ್ಕೆ.

ಇವಲ್ಲದೆ ಮತ್ತೊಂದು ಗುಬ್ಬಿಯಿದೆ. ಬೆನ್ನ ಮೇಲೆ ಗೀರುಗಳಿಲ್ಲದ ಬೂದುಗಂದು ಮೈ, ರೆಕ್ಕೆಯ ಮೇಲೆ ಬಿಳಿಯ ಪಟ್ಟೆಗಳು, ಗಂಡಿನ ಹೆಗಲಲ್ಲಿ ಕೆಂಗಂದು ಛಾಯೆ, ಕೊರಳಲ್ಲಿ ಅರಿಸಿನ ಹಚ್ಚಿದಂಥ ಒಂದು ಬೊಟ್ಟು. ಮರದ ಪೊಟರೆಯಲ್ಲಿ ಮರಿ ಮಾಡುವ ಈ ಹಕ್ಕಿ ಕಾಳಿನ ಜೊತೆಗೆ ಹೂವಿನ ಮಕರಂದವನ್ನೂ ಸವಿಯುತ್ತದೆ. ಕೂಳೆಯ ಹೊಲಗಳಲ್ಲಿ ಮನೆಗುಬ್ಬಿಗಳೊಡನೆ ಬೆರೆತು ಮೇಯುವುದರಿಂದ ಇದನ್ನು ಬೇರೆಯೆಂದು ಗುರುತಿಸುವವರು ಕಡಮೆ. ಸಲೀಂ ಅಲಿಯವರ ಬಾಳನ್ನು ತಿರುಗಿಸಿದ್ದು ಈ ಅರಿಸಿನ ಕೊರಳಿನ ಗುಬ್ಬಿ.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯ ಸುಲೇಮಾನಿ ಬೋಹ್ರಾ ಮನೆತನದಲ್ಲಿ ಕಿರಿಯ ಮಗನಾಗಿ ಜನಿಸಿದರು. ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು. ಮೂರರ ವಯಸ್ಸಿನಲ್ಲಿ ತಾಯಿಯೂ ಇಲ್ಲವಾದರು. ತಬ್ಬಲಿಗಳಾದ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರೂ ಮಕ್ಕಳಿಲ್ಲದ ಅತ್ತೆ ಹಮೀದಾ ಬೇಗಂ ಅವರೂ ಖೇತವಾಡಿಯ ತಮ್ಮ ಮನೆಯಲ್ಲಿ ಸಾಕಿದರು. ಮಾವ ಬೇಟೆಯ ಅಭಿರುಚಿಯುಳ್ಳವರು. ಬಾಲಕನ ಕೈಗೆ ಒಂದು ಗಾಳಿಕೋವಿ ಬಂತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೆಂಬ ನಮ್ಮ ಗಾದೆ ಆ ಮನೆಯ ಲಾಯದಲ್ಲಿ ಅಕ್ಷರಶಃ ನಡೆಯಿತು.

ಲಾಯದ ಗೋಡೆಯ ರಂಧ್ರದಲ್ಲಿ ಹೆಣ್ಣುಗುಬ್ಬಿಯೊಂದು ಮೊಟ್ಟೆಗಳ ಮೇಲೆ ಕುಳಿತಿತ್ತು. ಹೊರಗೆ ಮೊಳೆಯ ಮೇಲೆ ಗಂಡು ಕಾವಲಿತ್ತು. ನಿಲ್ಲಿಸಿದ್ದ ಗಾಡಿಯ ಮರೆಯಿಂದ ಹುಡುಗ ಗಂಡನ್ನು ಹೊಡೆದನು. ಸ್ವಲ್ಪ ಹೊತ್ತಿನಲ್ಲಿ ಬೇರೊಂದು ಗಂಡು ಬಂದು ಅದೇ ಮೊಳೆಯನ್ನು ಏರಿತು. ಅದನ್ನೂ ಹೊಡೆದನು. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗುಬ್ಬಿಗಳು ಬಿದ್ದುವು. ಕ್ರೌರ್ಯವೆಂದು ನಾವು ಮುಖ ತಿರುವಬಹುದು. ಆ ತೀರ್ಪು ತಪ್ಪೂ ಅಲ್ಲ. ಆದರೆ ಹುಡುಗ ಕೊಂದು ಸುಮ್ಮನಾಗಲಿಲ್ಲ. ಪ್ರತಿಸಲವೂ ಹೊಸ ಗಂಡು ಬಂದುದನ್ನು ಗಮನಿಸಿ ಒಂದು ಟಿಪ್ಪಣಿಯನ್ನು ಬರೆದಿಟ್ಟನು. ವಿಧವೆಯಾದ ಹಕ್ಕಿಗೆ ಇಷ್ಟು ಬೇಗ ಸಂಗಾತಿಗಳು ಎಲ್ಲಿಂದ ಬರುತ್ತಾರೆಂಬ ಸೋಜಿಗ ಆ ಟಿಪ್ಪಣಿಯಲ್ಲಿತ್ತು. ದಶಕಗಳ ತರುವಾಯ ಅದು ಅಚ್ಚಾದಾಗ ಸಲೀಂ ಅಲಿ ಜಗತ್ತಿಗೆ ತಿಳಿದ ಪಕ್ಷಿಶಾಸ್ತ್ರಜ್ಞರಾಗಿದ್ದರು.

ಅದೇ ಎಳವೆಯಲ್ಲಿ ಒಂದು ದಿನ ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿಯ ಬೊಟ್ಟು ಕಂಡಿತು. ಧರ್ಮಕ್ಕೆ ಸಮ್ಮತವಾದ ರೀತಿಯಲ್ಲಿ ಕೊಯ್ದ ಗುಬ್ಬಿ ತಿನ್ನಲು ಯೋಗ್ಯವೆಂದು ಅವರಿಗೆ ತಿಳಿದಿತ್ತು. ಆದರೆ ಈ ಹೊಸ ಗುರುತಿನ ಹಕ್ಕಿ ಗುಬ್ಬಿಯೇ ಹೌದೋ ಅಲ್ಲವೋ? ಸಂದೇಹ ಮಾವನವರೆಗೆ ಹೋಯಿತು. ಮಾವನಿಗೂ ತಿಳಿಯಲಿಲ್ಲ. ಗೊತ್ತಿಲ್ಲದುದನ್ನು ಗೊತ್ತಿದೆಯೆಂದು ಹೇಳಿ ಹುಡುಗನನ್ನು ಆಟಕ್ಕೆ ಅಟ್ಟಿಬಿಡುವುದು ಹಿರಿಯರಿಗೆ ಸುಲಭವಾದ ದಾರಿ. ಅಮೀರುದ್ದೀನರು ಹಾಗೆ ಮಾಡದೆ, 1883ರಲ್ಲಿ ಸ್ಥಾಪಿತವಾದ ಮುಂಬಯಿ ನಿಸರ್ಗ ಇತಿಹಾಸ ಸಂಘದ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲಾರ್ಡ್ ಅವರಿಗೆ ಪರಿಚಯಪತ್ರ ಬರೆದು, ಹಕ್ಕಿಯೊಡನೆ ಹುಡುಗನನ್ನು ಕಳುಹಿಸಿದರು. ಅಳುಕುತ್ತ ಒಳಹೊಕ್ಕ ಬಾಲಕನನ್ನು ಆ ಆಂಗ್ಲ ಗೃಹಸ್ಥರು ಆದರದಿಂದ ಕಂಡರು. ಹಕ್ಕಿಯ ಹೆಸರನ್ನು ಹೇಳಿದರು. ಬೀರುವಿನ ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು, ಒಣಗಿಸಿ ಜೋಡಿಸಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಒಂದು ಗುಬ್ಬಿಗೆ ಹೆಸರು ಸಿಕ್ಕಿತು. ಒಬ್ಬ ಬಾಲಕನಿಗೆ ಬಾಳಿನ ಗುರಿ ಸಿಕ್ಕಿತು. ಅಧ್ಯಾಪಕನಾದ ನನಗೆ ಈ ಕಥೆಯಲ್ಲಿ ಸಲೀಂ ಅಲಿಯಷ್ಟೇ ಮಿಲಾರ್ಡರೂ ಮುಖ್ಯರಾಗಿ ಕಾಣುತ್ತಾರೆ. ಹುಡುಗನ ಪ್ರಶ್ನೆಗೆ ಹಿರಿಯನೊಬ್ಬ ಕೊಟ್ಟ ಅರ್ಧ ದಿನದ ಗೌರವದಿಂದ ಒಂದು ದೇಶಕ್ಕೆ ಒಂದು ಶಾಸ್ತ್ರ ದೊರೆಯಿತು.

ಪದವಿಯಿಲ್ಲದ ಪಂಡಿತ

ಶಾಲೆಯ ವಿದ್ಯೆ ಅವರಿಗೆ ಅಷ್ಟಾಗಿ ಒಲಿಯಲಿಲ್ಲ. ಬಾಲ್ಯದಲ್ಲಿ ಬಿಡದ ತಲೆನೋವು. ಒಣಹವೆಗೆಂದು ಸಿಂಧಕ್ಕೆ ಕಳುಹಿಸಿದ್ದೂ ಉಂಟು. 1913ರಲ್ಲಿ ಹೇಗೋ ಮೆಟ್ರಿಕ್ಯುಲೇಷನ್ ದಾಟಿದರು. ಸಂತ ಝೇವಿಯರ್ ಕಾಲೇಜಿನ ಓದನ್ನು ನಡುವೆ ಬಿಟ್ಟು, ಮನೆತನದ ಗಣಿ ಹಾಗೂ ಮರದ ವ್ಯಾಪಾರವನ್ನು ನೋಡಿಕೊಳ್ಳಲು ಬರ್ಮಾದ ತವಾಯ್‌ಗೆ ತೆರಳಿದರು. ಅಲ್ಲಿನ ಕಾಡಿನಲ್ಲಿ ಲೆಕ್ಕದ ಪುಸ್ತಕಕ್ಕಿಂತ ಹಕ್ಕಿಗಳ ಕಡೆಗೇ ಅವರ ಚಿತ್ತ. 1917ರಲ್ಲಿ ಮರಳಿ ಬಂದು ವಾಣಿಜ್ಯವನ್ನು ಕಲಿಯುತ್ತಿದ್ದಾಗ, ಝೇವಿಯರ್ ಕಾಲೇಜಿನ ಫಾದರ್ ಬ್ಲಾಟರ್ ಅವರ ಒತ್ತಾಸೆಯಿಂದ ಪ್ರಾಣಿಶಾಸ್ತ್ರವನ್ನೂ ಅಭ್ಯಸಿಸಿದರು. 1918ರ ಡಿಸೆಂಬರಿನಲ್ಲಿ ತೆಹ್ಮೀನಾ ಬೇಗಂ ಅವರೊಡನೆ ವಿವಾಹವಾಯಿತು. ಮತ್ತೆ ಬರ್ಮಾ, ಮತ್ತೆ ವ್ಯವಹಾರದಲ್ಲಿ ಸೋಲು, ಮತ್ತೆ ಮುಂಬಯಿ. ಪಕ್ಷಿಶಾಸ್ತ್ರಜ್ಞನ ಸರ್ಕಾರಿ ಹುದ್ದೆಯೊಂದಕ್ಕೆ ಅರ್ಜಿ ಹಾಕಿದರೆ, ವಿಶ್ವವಿದ್ಯಾನಿಲಯದ ಪದವಿ ಇಲ್ಲವೆಂಬ ಕಾರಣದಿಂದ ಅದೂ ಕೈತಪ್ಪಿತು. ಅವರಿಗೆ ಗೌರವ ಡಾಕ್ಟರೇಟುಗಳು ಬಂದದ್ದೂ ರಾಷ್ಟ್ರೀಯ ಪ್ರಾಧ್ಯಾಪಕರೆಂಬ ಮನ್ನಣೆ ದೊರೆತದ್ದೂ ಬಹು ಕಾಲದ ಮೇಲೆ.

1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ಬಂದವರಿಗೆ ಪ್ರಾಣಿ ಪಕ್ಷಿಗಳನ್ನು ವಿವರಿಸುವ ಕೆಲಸ ಸಿಕ್ಕಿತು. ತಿಂಗಳ ಸಂಬಳ 350 ರೂಪಾಯಿ. ಎರಡು ವರ್ಷ ಕಳೆಯುವಲ್ಲಿ ಅವರಿಗೆ ತಮ್ಮ ವಿದ್ಯೆಯ ಕೊರತೆ ತಿಳಿಯಿತು. 1928ರಲ್ಲಿ ರಜೆ ಪಡೆದು ಜರ್ಮನಿಗೆ ಹೋಗಿ, ಬರ್ಲಿನ್ನಿನ ಪ್ರಾಣಿವಿಜ್ಞಾನ ಸಂಗ್ರಹಾಲಯದಲ್ಲಿ ಎರ್ವಿನ್ ಸ್ಟ್ರೆಸೆಮನ್ ಅವರ ಕೆಳಗೆ ಕಲಿತರು. ಸ್ಟ್ರೆಸೆಮನ್ನರನ್ನು ಅವರು ಕೊನೆಯವರೆಗೂ ಗುರುವೆಂದು ಸ್ಮರಿಸಿದರು. ವಿದ್ಯೆ ಹೊತ್ತು 1930ರಲ್ಲಿ ಮರಳಿದಾಗ ಕಾದಿದ್ದುದು ನಿರುದ್ಯೋಗ. ಹಣದ ಅಭಾವದಿಂದ ಅವರ ಹುದ್ದೆಯನ್ನೇ ರದ್ದುಮಾಡಲಾಗಿತ್ತು.

ಮುಂಬಯಿಯ ಬಾಡಿಗೆ ನಿಭಾಯಿಸಲಾರದೆ ಪತಿಪತ್ನಿಯರು ಕೊಲ್ಲಿಯ ಆಚೆಯ ಕಿಹೀಮ್ ಎಂಬ ಕಡಲತಡಿಯ ಹಳ್ಳಿಯನ್ನು ಸೇರಿದರು. ಮನೆಯ ಬಳಿಯ ಮರದಲ್ಲಿ ಗೀಜಗಗಳು ನೆರೆದಿದ್ದುವು. ಕೆಲಸವಿಲ್ಲದವನಿಗೆ ಹೊತ್ತಿಗೇನು ಬರ? ಮರೆಯಲ್ಲಿ ಕುಳಿತು ಆ ಮಳೆಗಾಲವನ್ನೆಲ್ಲ ನೋಡುತ್ತ, ನೋಡಿದುದನ್ನು ಬರೆಯುತ್ತ ಕಳೆದರು. ಗೀಜಗ ಮಿಂಚುಹುಳುವನ್ನು ಗೂಡಿನ ಮಣ್ಣಿಗೆ ಮೆತ್ತಿ ದೀಪ ಹೊತ್ತಿಸಿಕೊಳ್ಳುತ್ತದೆಂದು ನಮ್ಮಲ್ಲೊಂದು ಕಥೆಯಿದೆ; ಮಣ್ಣು ಮೆತ್ತುವುದು ನಿಜ, ದೀಪ ಕವಿಗಳದು. ಕಿಹೀಮಿನಲ್ಲಿ ಸಲೀಂ ಅಲಿ ಕಂಡ ಸತ್ಯ ಈ ಕಲ್ಪನೆಗಿಂತ ವಿಸ್ಮಯಕರವಾಗಿತ್ತು. ಗೂಡು ಹೆಣೆಯುವವನು ಗಂಡು. ಅರ್ಧ ಮುಗಿದು ಗೂಡು ಶಿರಸ್ತ್ರಾಣದ ಆಕಾರಕ್ಕೆ ಬಂದಾಗ ಹೆಣ್ಣುಗಳು ಬಂದು ಒಳಹೊಕ್ಕು ಪರೀಕ್ಷಿಸುತ್ತವೆ. ಒಪ್ಪಿದರೆ ಹೆಣ್ಣು ನೆಲಸುತ್ತದೆ. ಒಪ್ಪದಿದ್ದರೆ ಅಷ್ಟು ದಿನಗಳ ದುಡಿಮೆ ಹಾಗೆಯೇ ತೂಗಾಡುತ್ತಿರುತ್ತದೆ. ಒಪ್ಪಿಗೆ ದೊರೆತ ಮೇಲೆ ಗಂಡು ಕೊಳವೆಯ ಬಾಗಿಲನ್ನು ಹೆಣೆದು ಮುಗಿಸಿ, ಮೊಟ್ಟೆಗೆ ಕಾವು ಕೊಡುವ ಕೆಲಸವನ್ನು ಹೆಣ್ಣಿಗೆ ಬಿಟ್ಟು, ಇನ್ನೊಂದು ಹೆಣ್ಣಿಗಾಗಿ ಇನ್ನೊಂದು ಗೂಡಿಗೆ ಹುಲ್ಲೆಳೆ ತರಲು ಹೊರಡುತ್ತದೆ. ಅದುವರೆಗೆ ಗೀಜಗಗಳ ಸಂಸಾರದ ಈ ಕ್ರಮವನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಆ ಪ್ರಬಂಧದಿಂದ ಅವರ ಹೆಸರು ವಿದ್ವಾಂಸರಲ್ಲಿ ಹರಡಿತು.

ಕನ್ನಡ ನಾಡಿನಲ್ಲಿ

ಅನಂತರ ಅವರೊಂದು ಉಪಾಯ ಹೂಡಿದರು. ದೇಶೀಯ ಸಂಸ್ಥಾನಗಳ ಹಕ್ಕಿಗಳನ್ನು ಕ್ರಮವಾಗಿ ಪರಿಶೀಲಿಸಿದವರಿರಲಿಲ್ಲ. ಶಿಬಿರದ ಖರ್ಚನ್ನು ಸಂಸ್ಥಾನ ಕೊಟ್ಟರೆ ತಾನು ಸಂಭಾವನೆಯಿಲ್ಲದೆ ದುಡಿಯುವೆನೆಂದು ಸೂಚಿಸಿದರು. 1931–32ರಲ್ಲಿ ಹೈದರಾಬಾದು, ಆಮೇಲೆ ತಿರುವಾಂಕೂರು, ಕೊಚ್ಚಿ, ಮುಂದೆ ಮಧ್ಯಭಾರತದ ಸಂಸ್ಥಾನಗಳು. ಎತ್ತಿನ ಗಾಡಿ, ಡೇರೆ, ಕಾಡುದಾರಿಗಳ ಆ ಬಾಳಿನಲ್ಲಿ ತೆಹ್ಮೀನಾ ಅವರು ನೆರಳಿನಂತೆ ಜೊತೆಗಿದ್ದರು. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ತರುವಾಯ ಆಕೆ ತೀರಿಕೊಂಡರು. ಸಲೀಂ ಅಲಿ ಮರುಮದುವೆಯಾಗಲಿಲ್ಲ. ಅಕ್ಕ ಭಾವಂದಿರ ಮನೆಯೇ ಅವರ ಮನೆಯಾಯಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಪರಿಶೀಲನೆ ನಡೆದದ್ದು 1939–40ರಲ್ಲಿ, ಈ ದುಃಖದ ಕಾಲದಲ್ಲಿಯೇ.

ಆಗ ನಮ್ಮ ಹಡಗಲಿ ಸೀಮೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ತೆಂಕಣದ ಮೈಸೂರೂ ಬಡಗಣದ ಹೈದರಾಬಾದೂ ಅವರ ಪರಿಶೀಲನೆಗೆ ಒಳಪಟ್ಟರೂ, ನಡುವಿನ ನಮ್ಮ ಬಯಲು ಆ ಎರಡು ಸಂಸ್ಥಾನಗಳಿಗೂ ಹೊರಗಾಗಿತ್ತು. ಎಲ್ಲೆಗಳು ಮನುಷ್ಯನವು, ಗೀಜಗಕ್ಕೆ ಪ್ರಾಂತ್ಯವೂ ಇಲ್ಲ, ಸಂಸ್ಥಾನವೂ ಇಲ್ಲ. ಅವರು ಬರೆದ ಮೈಸೂರಿನ ಹಕ್ಕಿಗಳ ವಿವರಣೆ 1942–43ರಲ್ಲಿ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡಿಗರಿಗೆ ಆ ಪ್ರವಾಸದ ಇನ್ನೊಂದು ಕೊಡುಗೆ ಕಣ್ಣಿಗೇ ಕಾಣುವಂಥದು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳೂ ಬೆಳ್ಳಕ್ಕಿಗಳೂ ಗೂಡು ಕಟ್ಟುವುದನ್ನು ಕಂಡು, ಆ ಎಡೆಯನ್ನು ಕಾಪಾಡಬೇಕೆಂದು ಅವರು ಒತ್ತಾಯಿಸಿದರು. 1940ರಲ್ಲಿ ಮೈಸೂರು ಸರ್ಕಾರ ರಂಗನತಿಟ್ಟನ್ನು ಪಕ್ಷಿಧಾಮವೆಂದು ಸಾರಿತು.

1941ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಭಾರತದ ಹಕ್ಕಿಗಳ ಪುಸ್ತಕ ಹೊರಬಂತು. ಬಣ್ಣದ ಚಿತ್ರ, ಹಕ್ಕಿಯ ಗಾತ್ರಕ್ಕೆ ಗುಬ್ಬಿ, ಮೈನಾ, ಕಾಗೆಗಳ ಹೋಲಿಕೆ, ಸರಳವಾದ ವರ್ಣನೆ. ಶಾಲೆಯ ಬಾಲಕನೂ ಕೈಯಲ್ಲಿ ಹಿಡಿದು ತೋಟಕ್ಕೆ ಹೋಗಬಹುದಾದ ಗ್ರಂಥ. ಸ್ವಾತಂತ್ರ್ಯಾನಂತರ ಆರ್ಥಿಕವಾಗಿ ಕುಸಿಯುತ್ತಿದ್ದ ನಿಸರ್ಗ ಇತಿಹಾಸ ಸಂಘವನ್ನು ಪ್ರಧಾನಿ ನೆಹರೂ ಅವರ ನೆರವು ಕೋರಿ ಉಳಿಸಿದರು. ಭರತಪುರದ ಕೆರೆಗಳಿಗಾಗಿ, ಕೇರಳದ ಮೌನಕಣಿವೆಯ ಕಾಡಿಗಾಗಿ ವಾದಿಸಿದರು. ದೇಹದಲ್ಲಿ ಕೃಶರಾದರೂ ಉತ್ಸಾಹಕ್ಕೆ ಕುಂದಿರಲಿಲ್ಲ. 1950ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ನೆರೆದ ಪಕ್ಷಿಶಾಸ್ತ್ರಜ್ಞರ ಸಮ್ಮೇಳನಕ್ಕಾಗಿ ತಮ್ಮ ಮೋಟಾರು ಸೈಕಲ್ಲನ್ನು ಹಡಗಿನಲ್ಲಿ ಯೂರೋಪಿಗೆ ಒಯ್ದು ಸವಾರಿ ಮಾಡಿಕೊಂಡು ಹೋದವರು ಅವರು. ಅಮೆರಿಕದ ಡಿಲನ್ ರಿಪ್ಲೆಯವರೊಡನೆ ರಚಿಸಿದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರವರೆಗೆ ಪ್ರಕಟವಾಯಿತು. ಗುಬ್ಬಿ, ಗೀಜಗ, ರಾಟವಾಳ, ಫಿಂಚುಗಳು ಶಾಸ್ತ್ರದ ಅನುಕ್ರಮದಂತೆ ಕಟ್ಟಕಡೆಯ ಸಂಪುಟಕ್ಕೆ ಬಂದುವು. ಎಳವೆಯಲ್ಲಿ ಹೆಸರು ತಿಳಿಯದೆ ಅಂಗೈಯಲ್ಲಿ ಹಿಡಿದುಕೊಂಡು ಹೋದ ಹಕ್ಕಿಯ ವರ್ಣನೆ, ಎಪ್ಪತ್ತೇಳು ದಾಟಿದ ವೃದ್ಧರ ಮಹಾಗ್ರಂಥದ ಕೊನೆಯ ಭಾಗದಲ್ಲಿ ಹೀಗೆ ತನ್ನ ಎಡೆಯನ್ನು ಪಡೆಯಿತು. 1985ರಲ್ಲಿ ಬಂದ ತಮ್ಮ ಆತ್ಮಕಥೆಗೂ ಅವರು ಗುಬ್ಬಿಯೊಂದು ಬಿದ್ದ ಪ್ರಸಂಗದ ಹೆಸರನ್ನೇ ಇಟ್ಟರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಗೆ ನಾಮಕರಣ. 1987ರಲ್ಲಿ, ತೊಂಬತ್ತು ತುಂಬಿದ ಅವರು ಮುಂಬಯಿಯಲ್ಲಿ ಕಣ್ಮುಚ್ಚಿದರು.

ಕೋವಿ ಮತ್ತು ಕರುಣೆ

ಈ ಜೀವನದಲ್ಲಿ ಓದುಗನನ್ನು ತಡೆದು ನಿಲ್ಲಿಸುವ ಒಂದು ಸಂಗತಿಯಿದೆ. ಹಕ್ಕಿಗಳ ಪರಮಮಿತ್ರರೆಂದು ನಾವು ಕೊಂಡಾಡುವ ಈ ಮಹನೀಯರು ಅಸಂಖ್ಯ ಹಕ್ಕಿಗಳನ್ನು ಹೊಡೆದವರು. ಶಾಸ್ತ್ರಕ್ಕೆ ಮಾದರಿಗಳು ಬೇಕಿದ್ದುವು. ಅಳೆದು, ಹೋಲಿಸಿ, ಜಾತಿ ನಿರ್ಣಯಿಸಲು ಆ ಕಾಲದಲ್ಲಿ ಬೇರೆ ಹಾದಿ ಇರಲಿಲ್ಲ. ಅದನ್ನು ಅವರು ಮರೆಮಾಚಲೂ ಇಲ್ಲ. ಅಹಿಂಸೆಯ ಸಂಸ್ಕಾರದಲ್ಲಿ ಬೆಳೆದ ನನಗೆ ಇದು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಕೊಲ್ಲದ ನಾವು ಹಕ್ಕಿಯನ್ನು ಉಳಿಸಲು ಏನು ಮಾಡಿದೆವು? ಮಾಳಿಗೆಯ ಮನೆಗಳನ್ನು ಕೆಡವಿ ಸಿಮೆಂಟಿನ ನುಣುಪು ಗೋಡೆ ಎಬ್ಬಿಸಿದಾಗ, ಜಂತೆಯ ಸಂದಿನಲ್ಲಿದ್ದ ಸಂಸಾರ ಎಲ್ಲಿಗೆ ಹೋದೀತೆಂದು ಯಾರೂ ಕೇಳಲಿಲ್ಲ. ಬಾವಿ ಮುಚ್ಚಿ ಜಾಲಿ ಕಡಿದಾಗ ಗೀಜಗದ ಗತಿಯೇನೆಂದು ಕೇಳಲಿಲ್ಲ. ಕೋವಿ ಹಿಡಿದವನು ಹಕ್ಕಿಯನ್ನು ನೋಡಿದನು, ಕೈಮುಗಿದವರು ನೋಡಲಿಲ್ಲ. 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯ ಪ್ರಕಾರ, ಒಟ್ಟು ದೇಶದಲ್ಲಿ ಮನೆಗುಬ್ಬಿಯ ಸಂಖ್ಯೆ ಹೆಚ್ಚುಕಡಮೆ ಸ್ಥಿರವಾಗಿದ್ದರೂ ಬೆಂಗಳೂರೇ ಮೊದಲಾದ ಮಹಾನಗರಗಳಲ್ಲಿ ಇಳಿದಿದೆ. ಹಳ್ಳಿಗಳು ನಗರಗಳ ದಾರಿಯನ್ನೇ ಹಿಡಿಯುತ್ತಿರುವಾಗ ಈ ಮಾತನ್ನು ಎಚ್ಚರಿಕೆಯೆಂದು ಭಾವಿಸುವುದು ಲೇಸು.

ಉಣಿಸುವುದಕ್ಕೂ ಅರಿವು ಬೇಕು. ಬೆಳೆದ ಗುಬ್ಬಿ ಕಾಳು ತಿಂದು ಬಾಳೀತು. ಅದರ ಮರಿ ಬಾಳದು. ಎಳೆಯ ಮರಿಗೆ ತಾಯಿತಂದೆಗಳು ತರುವುದು ಹುಳು ಹುಪ್ಪಟೆಗಳನ್ನು. ಗೀಜಗದ ರೀತಿಯೂ ಇದೇ. ಅಂಗಳಕ್ಕೆ ಸೇರುಗಟ್ಟಲೆ ಸಜ್ಜೆ ಚೆಲ್ಲಿ, ಹಿತ್ತಲಿನ ಪ್ರತಿ ಗಿಡಕ್ಕೂ ವಿಷ ಸಿಂಪಡಿಸಿದರೆ ಆ ಔದಾರ್ಯದಲ್ಲಿ ಹುರುಳಿಲ್ಲ. ಹೊಲದಲ್ಲಿ ನಾವು ಕವಣೆ ಬೀಸಿ ಓಡಿಸುವ ಹಕ್ಕಿಯೇ ಮರಿಗಳ ಕಾಲದಲ್ಲಿ ಅದೇ ಹೊಲದ ಹುಳುಗಳನ್ನು ಆರಿಸುತ್ತದೆಂಬುದನ್ನೂ ಒಕ್ಕಲಿಗ ಲೆಕ್ಕಕ್ಕೆ ಹಿಡಿಯಬೇಕು. ನವಣೆ, ಸಜ್ಜೆ, ಜೋಳದ ನುಚ್ಚುಗಳಲ್ಲಿ ಒಂದು ಹಿಡಿ ಸಾಕು. ಉಪ್ಪು ಎಣ್ಣೆಯ ತಂಗಳು ಬೇಡ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರಿಟ್ಟು ದಿನವೂ ತೊಳೆದು ಬದಲಿಸಬೇಕು. ಬೆಕ್ಕು ಅಡಗದಂಥ ಬಯಲು ಎಡೆ, ಹಾರಿ ಕೂರಲು ಸಮೀಪದಲ್ಲೊಂದು ಗಿಡ ಇರಬೇಕು. ಹೊಸ ಮನೆಯ ಸೂರಿನಡಿಯಲ್ಲಿ ಒಂದೂಕಾಲು ಅಂಗುಲದ ಬಾಯಿಯ ಮರದ ಪೆಟ್ಟಿಗೆಯೊಂದನ್ನು ತೂಗಿದರೆ, ಕಳೆದುಹೋದ ಜಂತೆಯ ಸಂದಿನ ಋಣ ಸ್ವಲ್ಪ ತೀರೀತು. ಹಿತ್ತಲಿನ ಮೂಲೆಯಲ್ಲಿ ನಾಲ್ಕು ಹುಲ್ಲು ತೆನೆಗಟ್ಟಲು ಬಿಟ್ಟರೆ ರಾಟವಾಳಗಳು ಕರೆಯದೆಯೇ ಬರುತ್ತವೆ.

ಬಂದ ಹಕ್ಕಿಯನ್ನು ಗುಬ್ಬಿಯೆಂದು ಹೇಳಿ ಮುಗಿಸದೆ ಅದರ ನೆತ್ತಿ, ಕೊರಳು, ಕೊಕ್ಕುಗಳನ್ನು ನೋಡಬೇಕು. ನೋಡಿದುದನ್ನು ತಾರೀಖಿನೊಡನೆ ಬರೆದಿಡಬೇಕು. ಮನೆಯ ಮಗು ಬಂದು ಇದು ಯಾವ ಹಕ್ಕಿಯೆಂದು ಕೇಳಿದರೆ, ಗೊತ್ತಿಲ್ಲದಿದ್ದಲ್ಲಿ ಗೊತ್ತಿಲ್ಲವೆಂದು ಹೇಳಿ, ಗೊತ್ತಿರುವವರ ಬಳಿಗೆ ಅದನ್ನು ಕರೆದೊಯ್ಯಬೇಕು. ಖೇತವಾಡಿಯ ಸೋದರಮಾವ ಮಾಡಿದ್ದು ಅಷ್ಟೇ.